ಕೊನೆಯ ಕಂತಿಗೆ ಒಬ್ಬ ಕಡಿಮೆ

ಥೆಲ್ಮಾ ರೂತ್ ಬ್ಲಾಂಚರ್ಡ್, ವಯಸ್ಸು ಎಂಬತ್ತೊಂದು, ಹಲ್ ಬಂದರಿನ ಹೆಸಲ್ ರಸ್ತೆಯವಳು. ತಂದೆ ವಾಲ್ಟರ್, ಮೀನುಹಡಗಿನ ಕೆಲಸಗಾರ. ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಉತ್ತರದ ಕಡಲಿನ ಪಾಲಾದವನು. ತಾಯಿ ಏಡಾ, ಬಲೆ ಹೆಣೆಯುವವಳು. ಒಬ್ಬಳೇ ತಂಗಿ, ವಿನಿಫ್ರೆಡ್. ಥೆಲ್ಮಾ ಮದುವೆಯಾಗಲಿಲ್ಲ. ಕೇಳುವವರಿರಲಿಲ್ಲವೆಂದಲ್ಲ, ಇಬ್ಬರು ಕೇಳಿದ್ದರು. ಇಬ್ಬರೂ ಹಡಗಿನವರಾಗಿದ್ದರಿಂದ ಇಬ್ಬರನ್ನೂ ಒಂದೇ ಉತ್ತರ ಕೊಟ್ಟು ಬಾಗಿಲಿನಿಂದಲೇ ಕಳುಹಿಸಿದಳು.

ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಮೀನು ಹೊಗೆಯಾಡಿಸುವ ಕಾರ್ಖಾನೆಗೆ ಸೇರಿದವಳು, ಕೈಗಂಟಿದ ವಾಸನೆಯನ್ನು ನಿಂಬೆಹಣ್ಣಿನಿಂದ ತಿಕ್ಕಿ ತೊಳೆದುಕೊಂಡು ಏಳು ವರ್ಷ ಸಂಜೆಶಾಲೆಗೆ ಹೋದಳು. ಬೆರಳಚ್ಚು ಕಲಿತಳು, ಶೀಘ್ರಲಿಪಿ ಕಲಿತಳು. ಮೊದಲು ಬಂದರಿನ ಕಚೇರಿ, ಆಮೇಲೆ, ನಲವತ್ತು ದಾಟಿದ ಮೇಲೆ, ಲೀಡ್ಸ್ ನಗರದಲ್ಲಿ ಹೊಸದಾಗಿ ಬಾಗಿಲು ತೆರೆದ ಟೆಲಿವಿಷನ್ ಕಂಪನಿ. ಸೋಮವಾರದಿಂದ ಶುಕ್ರವಾರದವರೆಗೆ ಅಲ್ಲೊಂದು ಬಾಡಿಗೆ ಕೋಣೆ. ಶನಿವಾರ ರೈಲು ಹತ್ತಿ ತಂಗಿಯ ಬಳಿಗೆ.

ಕಂಪನಿಯಲ್ಲಿ ಅವಳಿಗೆ ಎರಡು ಕೆಲಸ. ಒಂದು, ಪ್ರತಿ ದೃಶ್ಯಕ್ಕೂ ಗಡಿಯಾರ ಹಿಡಿದು ಕಾಲ ಅಳೆಯುವುದು. ಇನ್ನೊಂದು, ಒಂದು ದೃಶ್ಯಕ್ಕೂ ಮುಂದಿನ ದೃಶ್ಯಕ್ಕೂ ಹೊಂದಿಕೆ ತಪ್ಪದಂತೆ ಕಾಯುವುದು: ನಾಯಕಿಯ ಗಾಯ ಎಡಗೆನ್ನೆಯಲ್ಲಿತ್ತೇ, ಬಾಗಿಲು ಅರ್ಧ ತೆರೆದಿತ್ತೇ, ಮೇಣದಬತ್ತಿ ಎಷ್ಟು ಉರಿದಿತ್ತು. ಇವೆಲ್ಲ ಅವಳ ಹಾಳೆಯಲ್ಲಿ ಇರುತ್ತಿದ್ದವು. ಆ ಹಾಳೆಯನ್ನು ನೋಡಿಯೇ ಸಾಮಾನಿನವರು ವಸ್ತುಗಳನ್ನು ಜೋಡಿಸುತ್ತಿದ್ದರು. ಹಾಳೆಯಲ್ಲಿ ಇಲ್ಲದ್ದು ಸ್ಟುಡಿಯೋದೊಳಗೆ ಬರುತ್ತಿರಲಿಲ್ಲ, ಇದ್ದದ್ದು ಹೊರಗೆ ಹೋಗುತ್ತಿರಲಿಲ್ಲ.

ಏಳು ವರ್ಷ ಅವಳು ಕಾದದ್ದು ‘ದೂರದೀಪ’ ಎಂಬ ಧಾರಾವಾಹಿಯನ್ನು. ‘ದೂರದೀಪ’ ಒಂದು ಆಕಾಶನೌಕೆಯ ಹೆಸರು. ದಾರಿ ತಪ್ಪಿದ ಎಂಟು ಮಂದಿ ನಕ್ಷತ್ರಗಳ ನಡುವೆ ಭೂಮಿಯನ್ನು ಹುಡುಕುತ್ತ ಅಲೆಯುವ ಕಥೆ. ಶನಿವಾರ ಸಂಜೆ ಅದು ಬರುವ ಹೊತ್ತಿಗೆ ಹೆಸಲ್ ರಸ್ತೆಯಲ್ಲಿ ನಾಯಿಯೂ ಓಡಾಡುತ್ತಿರಲಿಲ್ಲ. ಬೇರೆ ಊರಿನವರಿಗೆ ಅದು ಕಲ್ಪನೆಯಾಗಿದ್ದಿರಬಹುದು. ಹೆಸಲ್ ರಸ್ತೆಯವರಿಗೆ ಅದು ಮನೆಯ ಸುದ್ದಿ. ಕತ್ತಲು, ಹಿಮ, ಹಳೆಯ ಎಂಜಿನ್ನು, ಒಂದೇ ಅಡುಗೆಮನೆಯಲ್ಲಿ ಮೊಣಕೈ ತಾಗಿಸಿಕೊಂಡು ಉಣ್ಣುವ ಎಂಟು ಜನ. ಇದರಲ್ಲಿ ವಿಜ್ಞಾನವೆಲ್ಲಿ ಬಂತೆಂದು ಅವರು ಕೇಳುತ್ತಿದ್ದರು. ನೌಕೆಯ ಬಾಗಿಲಿಗೆ ಹಗ್ಗ ಬಿಗಿದ ಗಂಟು ತಪ್ಪಾಗಿದೆಯೆಂದು ಕಂಪನಿಗೆ ಕಾಗದ ಬರೆದವರು ಆ ಒಂದು ರಸ್ತೆಯಿಂದಲೇ ಹನ್ನೊಂದು ಮಂದಿ.

ಎರಡನೆಯ ವರ್ಷದಲ್ಲಿ ಜೋರಮ್ ಎಂಬ ಪಾತ್ರ, ನೌಕೆಯ ರೇಡಿಯೋ ನೋಡಿಕೊಳ್ಳುವವನು, ಒಂದು ಹಿಮದ ಚಂದ್ರನ ಮೇಲೆ ತಂತಿ ಸರಿಪಡಿಸಲು ಇಳಿದ. ಬಿರುಗಾಳಿ ಎದ್ದಿತು. ನೌಕೆ ಅವನನ್ನು ಒಂದು ಗಂಟೆ ಹುಡುಕಿ ಹೊರಟುಹೋಯಿತು. ಮುಂದಿನ ವಾರ ಹುಡುಕಿ ತರುವುದೆಂದು ಬರೆದಿತ್ತು. ಆದರೆ ಜೋರಮ್ ಆಗಿದ್ದ ನಟ ಐವರ್ ಪಾಸ್ಕನಿಗೂ ಕಂಪನಿಗೂ, ಅವನ ಹೆಸರು ಪರದೆಯ ಮೇಲೆ ಎಷ್ಟನೆಯದಾಗಿ ಬರಬೇಕೆಂಬ ವಿಷಯಕ್ಕೆ ಜಗಳವಾಗಿ, ಅವನು ಕೋಟು ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟ. ಮುಂದಿನ ವಾರ ಏಳು ಜನ ಮಾತ್ರ ಊಟಕ್ಕೆ ಕುಳಿತರು. ಜೋರಮ್ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಸತ್ತನೆಂದೂ ಯಾರೂ ಹೇಳಲಿಲ್ಲ.

ನೌಕೆಯ ಅಡುಗೆಮನೆಯ ಗೋಡೆಯಲ್ಲಿ ಎಂಟು ಕೊಕ್ಕೆಗಳು, ಎಂಟು ತಗಡಿನ ಲೋಟಗಳು ಇದ್ದವು. ಥೆಲ್ಮಾ ತನ್ನ ಹಾಳೆಯಲ್ಲಿ ಎಂಟು ಎಂದೇ ಬರೆಯುತ್ತ ಬಂದಳು. ಸಾಮಾನಿನವರ ಮುಖ್ಯಸ್ಥ ವಿಲ್ಫ್ ಗಾಂಟ್ ಎಂಟನ್ನೇ ತೂಗುಹಾಕುತ್ತ ಬಂದ. ಆರು ವರ್ಷಗಳಲ್ಲಿ ಒಬ್ಬ ನಿರ್ದೇಶಕನೂ ಅದನ್ನು ಗಮನಿಸಲಿಲ್ಲ. ಗಮನಿಸಿದವನು ಒಬ್ಬನೇ, ಕೊನೆಯವನು.

ಎಪ್ಪತ್ತೆಂಟರ ವಸಂತದಲ್ಲಿ ಧಾರಾವಾಹಿಯನ್ನು ಮುಗಿಸಬೇಕೆಂದು ತೀರ್ಮಾನವಾಯಿತು. ಕೊನೆಯ ಕಂತನ್ನು ಬರೆದು ನಿರ್ದೇಶಿಸಲು ಲಂಡನ್ನಿನಿಂದ ಡೆನ್ಜಿಲ್ ಕಾರ್ಫ್ಯಾಕ್ಸ್ ಬಂದ. ಮೂವತ್ತನಾಲ್ಕು ವರ್ಷ, ಮಖಮಲ್ಲಿನ ಕೋಟು, ಎಲ್ಲರನ್ನೂ ಮೊದಲ ದಿನವೇ ಮೊದಲ ಹೆಸರಿನಿಂದ ಕರೆಯುವ ಅಭ್ಯಾಸ. ಥೆಲ್ಮಾಳನ್ನೂ ಹಾಗೆ ಕರೆದ. ಅವಳು ತಲೆಯೆತ್ತಿ ಅವನನ್ನು ನೋಡಿದ ಮೇಲೆ ‘ಮಿಸ್ ಬ್ಲಾಂಚರ್ಡ್’ ಎಂದು ತಿದ್ದಿಕೊಂಡ.

ತಾಲೀಮು ನಡೆಯುತ್ತಿದ್ದುದು ಒಂದು ಚರ್ಚಿನ ಹಿಂದಿನ ಸಭಾಂಗಣದಲ್ಲಿ. ನೆಲದ ಮೇಲೆ ಬಣ್ಣದ ಪಟ್ಟಿ ಅಂಟಿಸಿದರೆ ಅದೇ ಗೋಡೆ, ಎರಡು ಕೋಲು ನಿಲ್ಲಿಸಿದರೆ ಅದೇ ಬಾಗಿಲು. ಮೊದಲ ದಿನ ಎಲ್ಲರೂ ಸುತ್ತ ಕುಳಿತು ಕಂತನ್ನು ಓದುವುದು, ಕೊನೆಗೆ ಥೆಲ್ಮಾ ಎದ್ದು ಎಷ್ಟು ನಿಮಿಷವಾಯಿತೆಂದು ಹೇಳುವುದು, ಆಮೇಲೆ ಚಹಾ. ಇದು ಅಲ್ಲಿಯ ಕ್ರಮ. ಏಳು ವರ್ಷಗಳಲ್ಲಿ ಅವಳು ಆ ಸಭೆಯಲ್ಲಿ ಅಂಕಿಗಳನ್ನಲ್ಲದೆ ಮತ್ತೇನನ್ನೂ ಆಡಿದವಳಲ್ಲ.

ಕಾರ್ಫ್ಯಾಕ್ಸನ ಕಥೆಯಲ್ಲಿ ನೌಕೆ ಭೂಮಿಗೆ ತಲುಪುತ್ತದೆ. ಬಂದರಿನಲ್ಲಿ ಜನಸಾಗರ, ಕಹಳೆಯ ಮೇಳ. ಏಳು ಜನ ಒಬ್ಬೊಬ್ಬರಾಗಿ ಮೆಟ್ಟಿಲಿಳಿದು ಕೈಬೀಸುತ್ತಾರೆ. ಓದಿ ಮುಗಿದಾಗ ನಟರಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಥೆಲ್ಮಾ ಗಡಿಯಾರ ಒತ್ತಿ ಎದ್ದು ನಿಂತಳು.

“ನಲವತ್ತೊಂಬತ್ತು ನಿಮಿಷ ಹತ್ತು ಸೆಕೆಂಡು,” ಎಂದಳು. “ಒಬ್ಬ ಮನುಷ್ಯ ಕಡಿಮೆ.”

ಚಹಾದ ತಳ್ಳುಗಾಡಿಯ ಕಡೆಗೆ ಹೊರಟಿದ್ದವರು ನಿಂತರು. ಕಾರ್ಫ್ಯಾಕ್ಸ್ ನಕ್ಕ. “ನಿಮ್ಮ ಗಡಿಯಾರ ಮನುಷ್ಯರನ್ನೂ ಎಣಿಸುತ್ತಾ, ಮಿಸ್ ಬ್ಲಾಂಚರ್ಡ್?”

“ಗಡಿಯಾರ ಎಣಿಸಲ್ಲ. ನಾನು ಎಣಿಸ್ತೀನಿ.”

ಜೋರಮ್‌ನ ವಿಷಯವನ್ನು ಅವಳು ನಾಲ್ಕು ಮಾತಿನಲ್ಲಿ ತಿಳಿಸಿದಳು. ಕಾರ್ಫ್ಯಾಕ್ಸನಿಗೆ ಆ ಹೆಸರೇ ಹೊಸದು. ಅದು ಆರು ವರ್ಷದ ಹಿಂದಿನ ಸಂಗತಿ, ಅದನ್ನು ನೆನಪಿಟ್ಟವರು ಇಡೀ ದೇಶದಲ್ಲಿ ನೀವೊಬ್ಬರೇ ಇರಬೇಕು ಎಂದು ಅವನು ಹಗುರವಾಗಿ ಹೇಳಿದಾಗ, ನೆನಪಿಟ್ಟುಕೊಳ್ಳುವುದಕ್ಕೇ ತನಗೆ ಸಂಬಳ ಕೊಡುತ್ತಾರೆಂದು ಅವಳು ಉತ್ತರಿಸಿದಳು. ಅವನ ನಗು ಅಲ್ಲಿಗೆ ನಿಂತಿತು. ಕೊನೆಯ ದೃಶ್ಯದಲ್ಲಿ ಕ್ಯಾಮೆರಾ ಅಡುಗೆಮನೆಯ ಗೋಡೆಯನ್ನು ಹತ್ತಿರದಿಂದ ತೋರಿಸುವುದಿದೆ, ಅಲ್ಲಿ ಏಳೇ ಲೋಟ ಇರಲಿ, ಯಾರಿಗೂ ಪ್ರಶ್ನೆ ಹುಟ್ಟದು ಎಂದು ಅಪ್ಪಣೆ ಮಾಡಿದ.

ಥೆಲ್ಮಾ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡಳು. ಅವಳು ಪೆನ್ಸಿಲನ್ನು ಅಲ್ಲಿಟ್ಟರೆ ಬರೆಯುವುದು ಮುಗಿಯಿತೆಂದು ಅರ್ಥ.

“ಸತ್ತ ಅಂತ ಕಥೇಲಿ ಎಲ್ಲೂ ಬಂದಿಲ್ಲ. ಬಾರದೆ ನಾನು ಅವನ ಲೋಟ ಇಳಿಸಲ್ಲ.”

“ಹಾಗಾದ್ರೆ ಇಳಿಸೋ ಬೇರೆ ಯಾರನ್ನಾದರೂ ಲಂಡನ್ನಿಂದ ಕರೆಸಬೇಕಾಗುತ್ತೆ.”

“ಕರೆಸಿ,” ಎಂದಳು ಅವಳು. ಕರೆಸಿದರೆ ಒಂಬತ್ತು ವರ್ಷದ ಕೆಲಸಕ್ಕೆ ಎರವಾಗುವುದೆಂದು ಅವಳಿಗೆ ಗೊತ್ತಿತ್ತು. ಐವತ್ತೊಂದು ದಾಟಿದ ಹೆಂಗಸಿಗೆ ಮತ್ತೊಂದು ಟೆಲಿವಿಷನ್ ಕಂಪನಿ ಬಾಗಿಲು ತೆರೆಯದೆಂದೂ ಗೊತ್ತಿತ್ತು. ಆದರೂ ಚಹಾಕ್ಕೆ ಎಲ್ಲರಿಗಿಂತ ಮೊದಲು ಹೋಗಿ ನಿಂತದ್ದು ಅವಳೇ.

ಯಾರನ್ನೂ ಕರೆಸಲಿಲ್ಲ. ಅವಳ ಏಳು ವರ್ಷದ ದಪ್ಪ ಪುಸ್ತಕಗಳನ್ನು ಓದಬಲ್ಲವರು ಇನ್ನೊಬ್ಬರಿರಲಿಲ್ಲ; ಶೀಘ್ರಲಿಪಿಗೆ ಅವಳು ತನ್ನದೇ ಗುರುತುಗಳನ್ನು ಸೇರಿಸಿದ್ದಳು. ಇದನ್ನು ಕಾರ್ಫ್ಯಾಕ್ಸನಿಗೆ ವಿವರಿಸಿದವನು ವಿಲ್ಫ್ ಗಾಂಟ್. ಅವಳನ್ನು ತೆಗೆದರೆ ನಾಯಕಿಯ ಬೂಟು ಯಾವ ಬಣ್ಣದ್ದೆಂದು ತಿಳಿಯಲು ಮಾಟಗಾತಿಯನ್ನು ಕರೆಸಬೇಕಾದೀತೆಂದು, ಮುಖದಲ್ಲಿ ನಗೆಯ ಸುಳಿವೂ ಇಲ್ಲದೆ ಹೇಳಿದನಂತೆ.

ಆ ಭಾನುವಾರ ಥೆಲ್ಮಾ ಬಸ್ಸು ಹಿಡಿದು ಕಡಲತೀರದ ವಿದರ್ನ್‌ಸೀ ಊರಿಗೆ ಹೋದಳು. ಐವರ್ ಪಾಸ್ಕ್ ಅಲ್ಲೊಂದು ಪಬ್ ನಡೆಸುತ್ತಿದ್ದ. ಮೈ ತುಂಬಿಕೊಂಡಿತ್ತು, ಗಡ್ಡ ಬಂದಿತ್ತು, ಧ್ವನಿ ಮಾತ್ರ ಹಾಗೆಯೇ ಇತ್ತು. ಅವಳಿಗೆ ಒಂದು ಗ್ಲಾಸು ಶೆರಿ ಸುರಿದುಕೊಟ್ಟು, ಕೊನೆಯ ಕಂತಿಗೆ ಜೋರಮ್ ಆಗಿ ಬರಬೇಕೆಂಬ ಅವಳ ಮಾತು ಕೇಳಿ, ಮೇಜನ್ನು ಒರೆಸುತ್ತಲೇ ಇದ್ದ.

“ನಿನ್ನ ಕಳ್ಸಿದ್ದು ಯಾರು, ಥೆಲ್ಮಾ?”

“ಯಾರೂ ಕಳ್ಸಿಲ್ಲ.”

“ಅದನ್ನೇ ಹೇಳ್ತಿರೋದು. ಬಿಟ್ಟು ಹೋದವ್ರು ಬಂದು ಕೇಳ್ಲಿ. ನೀನು ಬಿಟ್ಟು ಹೋದವಳಲ್ಲ, ನೀನ್ಯಾಕೆ ಕೇಳ್ತೀಯ?”

ಅದು ನ್ಯಾಯವಾದ ಮಾತೆಂದು ಅವಳಿಗೆ ಅನಿಸಿತು. ಶೆರಿ ಮುಗಿಸಿ, ಅವನ ಟೆಲಿಫೋನ್ ಸಂಖ್ಯೆ ಬರೆದುಕೊಂಡು ಎದ್ದಳು. ಎರಡನೆಯ ಸಲ ಕೇಳಲಿಲ್ಲ.

ಚಿತ್ರೀಕರಣ ಗುರುವಾರ. ಮಧ್ಯಾಹ್ನದ ಹೊತ್ತಿಗೆ ಕೊನೆಯ ದೃಶ್ಯದ ಹೊರತು ಎಲ್ಲವೂ ಮುಗಿದಿತ್ತು. ಐದೂವರೆಗೆ ಸ್ಟುಡಿಯೋ ಖಾಲಿಯಾಗಲೇಬೇಕು, ಆರು ಗಂಟೆಯ ಪ್ರಾಂತೀಯ ಸುದ್ದಿಗೆ ಅದೇ ಸ್ಟುಡಿಯೋ. ಸುದ್ದಿ ಓದುವ ಮೇಜು ಆಗಲೇ ಬಾಗಿಲಿನ ಹೊರಗೆ ಚಕ್ರದ ಮೇಲೆ ಬಂದು ನಿಂತಿತ್ತು. ಅದರ ಪಕ್ಕದಲ್ಲಿ, ಗಣಿಯೂರೊಂದರಿಂದ ಕರೆಸಿದ್ದ ಕಹಳೆಯ ಮೇಳದ ಇಪ್ಪತ್ತನಾಲ್ಕು ಮಂದಿ ಕೆಂಪು ಸಮವಸ್ತ್ರದಲ್ಲಿ ಬೆವರುತ್ತ ಕುಳಿತಿದ್ದರು. ಮರುದಿನ ಬೆಳಿಗ್ಗೆ ನೌಕೆಯನ್ನು ಒಡೆದು ಮರದ ಅಂಗಡಿಗೆ ಸಾಗಿಸುವುದೆಂದು ಆಗಿತ್ತು.

ನಾಲ್ಕು ಗಂಟೆಗೆ ಚಹಾ ಮುಗಿಸಿ ಎಲ್ಲರೂ ಒಳಗೆ ಬಂದರು. ಗೋಡೆಯ ಮೇಲೆ ಎಂಟು ಲೋಟಗಳು ತೂಗುತ್ತಿದ್ದವು. ಕಾರ್ಫ್ಯಾಕ್ಸ್ ಮೇಲಿನ ನಿಯಂತ್ರಣ ಕೊಠಡಿಯಿಂದ ಅದನ್ನು ಕಂಡು, ಒಂದನ್ನು ತೆಗೆಯಲು ಹೇಳಿ ಕಳುಹಿಸಿದ. ಹಾಳೆಯಲ್ಲಿ ಎಂಟಿದೆಯೆಂದು ವಿಲ್ಫ್ ಉತ್ತರ ಕಳುಹಿಸಿದ. ಕಾರ್ಫ್ಯಾಕ್ಸ್ ಕಬ್ಬಿಣದ ಮೆಟ್ಟಿಲನ್ನು ದಡದಡನೆ ಇಳಿದು ಬಂದು, ಅಡುಗೆಮನೆಯೊಳಗೆ ನುಗ್ಗಿ, ಎಂಟನೆಯ ಲೋಟವನ್ನು ತನ್ನ ಕೈಯಾರೆ ಕೊಕ್ಕೆಯಿಂದ ತೆಗೆದ.

ಬೇರೆ ಯಾವ ಕಸುಬಿನಲ್ಲಿಯೂ ಇದು ತಪ್ಪಾಗುವುದಿಲ್ಲ. ಆ ಸ್ಟುಡಿಯೋದಲ್ಲಿ ಇದಕ್ಕಿಂತ ದೊಡ್ಡ ತಪ್ಪಿರಲಿಲ್ಲ. ಸಾಮಾನಿನವರ ವಸ್ತುವನ್ನು ಸಾಮಾನಿನವರೇ ಮುಟ್ಟಬೇಕು, ದೀಪದವರ ದೀಪವನ್ನು ದೀಪದವರೇ. ಸ್ವತಃ ಕಂಪನಿಯ ಒಡೆಯ ಬಂದರೂ ನಿಯಮ ಒಂದೇ. ಅದಕ್ಕಾಗಿ ಈ ಜನರ ಅಪ್ಪಂದಿರು ಮುಷ್ಕರ ಹೂಡಿ ಉಪವಾಸ ಬಿದ್ದಿದ್ದರು. ಕಾರ್ಮಿಕ ಸಂಘದ ಮುಂದಾಳೂ ಆಗಿದ್ದ ವಿಲ್ಫ್ ಗಾಂಟ್ ನಿಧಾನವಾಗಿ ತನ್ನ ಕೈಗವಸು ಕಳಚಿ ಕುರ್ಚಿಯ ಮೇಲಿಟ್ಟು ಕುಳಿತ. ಅವನ ಹಿಂದೆ ನಾಲ್ವರು ಕುಳಿತರು. ದೀಪದವರು ಏಣಿಯಿಂದ ಇಳಿದರು. ಕ್ಯಾಮೆರಾದವರು ಹೆಡ್‌ಫೋನ್ ತೆಗೆದು ಕುತ್ತಿಗೆಗೆ ಹಾಕಿಕೊಂಡರು.

ಏನಾಯಿತೆಂದು ಕಾರ್ಫ್ಯಾಕ್ಸನಿಗೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ಅರ್ಥವಾದೊಡನೆ ಲೋಟವನ್ನು ಮತ್ತೆ ಕೊಕ್ಕೆಯ ಕಡೆಗೆ ಒಯ್ದ.

“ಅಲ್ಲಿಟ್ರೆ ಎರಡನೇ ತಪ್ಪಾಗುತ್ತೆ, ಸಾರ್,” ಎಂದ ವಿಲ್ಫ್, ಕುಳಿತಲ್ಲಿಂದಲೇ.

“ಮೇಜಿನ ಮೇಲಿಡಲಾ?”

“ಅದು ಮೂರನೇದು.”

“ಹಾಗಾದ್ರೆ ಇದನ್ನ ಏನು ಮಾಡ್ಲಿ ನಾನು?”

“ಹಿಡ್ಕೊಂಡಿರಿ. ಚೆನ್ನಾಗಿ ಕಾಣುತ್ತೆ.”

ಹೀಗೆ ಡೆನ್ಜಿಲ್ ಕಾರ್ಫ್ಯಾಕ್ಸ್, ಮಖಮಲ್ಲಿನ ಕೋಟಿನಲ್ಲಿ, ತಗಡಿನ ಲೋಟವೊಂದನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡು ನಕ್ಷತ್ರನೌಕೆಯ ನಡುವೆ ನಿಂತ. ಹೊರಗೆ ಮೇಳದವನೊಬ್ಬ ಕಹಳೆಯೊಳಗಿನ ಎಂಜಲನ್ನು ಊದಿ ತೆಗೆಯುವ ಸದ್ದು ಕೇಳಿಸುತ್ತಿತ್ತು. ನಾಲ್ಕೂ ಇಪ್ಪತ್ತಾಯಿತು.

ಸಂಘದ ನಿಯಮದಲ್ಲಿ ಹೊರದಾರಿ ಒಂದೇ ಇತ್ತು: ಲೋಟಕ್ಕೆ ಎಲ್ಲಿ ಸ್ಥಾನವೆಂದು ಹಾಳೆ ಹೇಳಬೇಕು, ತಪ್ಪಿದವನು ತಪ್ಪೊಪ್ಪಬೇಕು, ಆಗ ಸಾಮಾನಿನವರು ಅದನ್ನು ಅವನ ಕೈಯಿಂದ ತೆಗೆದುಕೊಳ್ಳುತ್ತಾರೆ. ಹಾಳೆ ಥೆಲ್ಮಾಳ ಕೈಯಲ್ಲಿತ್ತು. ಪೆನ್ಸಿಲು ಕಿವಿಯ ಮೇಲಿತ್ತು.

ನೌಕೆಯ ನಾಯಕಿ ಹೆಸ್ಟರಳ ಪಾತ್ರ ಮಾಡುತ್ತಿದ್ದ ಸಿಬಿಲ್ ಡ್ರೇಕಾಟ್ ಅರುವತ್ತರ ಹತ್ತಿರದ ಹೆಂಗಸು. ಮೊಣಕಾಲಿನ ನೋವಿಗೆ ಕಾಲನ್ನು ಚುಕ್ಕಾಣಿಯ ಮೇಜಿನ ಮೇಲೆ ಚಾಚಿಕೊಂಡು ಎಲ್ಲವನ್ನೂ ನೋಡುತ್ತಿದ್ದಳು. ಕಾಲು ಇಳಿಸದೆಯೇ ಕೇಳಿದಳು.

“ಥೆಲ್ಮಾ, ಇಷ್ಟು ಹಟ ನಾನು ನಿನ್ನಲ್ಲಿ ಕಂಡಿಲ್ಲ. ಯಾಕೆ ಹೇಳು.”

ಥೆಲ್ಮಾ ಆ ವಿಷಯವನ್ನು ಲೀಡ್ಸಿನಲ್ಲಿ ಯಾರಿಗೂ ಹೇಳಿದವಳಲ್ಲ. ಈಗಲೂ ಕಥೆಯಂತೆ ಹೇಳಲಿಲ್ಲ, ವರದಿಯಂತೆ ಹೇಳಿದಳು. ಅವಳಿಗೆ ಹನ್ನೊಂದು ವರ್ಷವಿದ್ದಾಗ ತಂದೆ ಹೋದ ಹಡಗು ಮರಳಿ ಬಂತು, ತಂದೆ ಬರಲಿಲ್ಲ. ಕರಡಿ ದ್ವೀಪದ ಆಚೆ ಅಲೆಯೊಂದು ಅವನನ್ನು ಕೊಚ್ಚಿಕೊಂಡು ಹೋಗಿತ್ತು. ಹಡಗಿನ ಕಪ್ತಾನ ಟೋಪಿ ಕೈಯಲ್ಲಿ ಹಿಡಿದು ಮನೆಯ ಬಾಗಿಲಿಗೆ ಬಂದ. ಅವನು ಸಿದ್ಧಮಾಡಿಕೊಂಡು ಬಂದಿದ್ದ ಮಾತುಗಳನ್ನು ಅಮ್ಮ ಆಡಗೊಡಲಿಲ್ಲ. ಎಷ್ಟು ಹೊತ್ತು ಹುಡುಕಿದಿರಿ ಎಂದು ಮಾತ್ರ ಕೇಳಿದಳು. ಒಂದು ಗಂಟೆ ಎಂದ. ಹಡಗಿನ ತುಂಬ ಮೀನಿತ್ತು, ಕೆಡುತ್ತಿತ್ತು. ಅಮ್ಮ ಬಾಗಿಲು ಮುಚ್ಚಿದಳು. ಒಂದು ಗಂಟೆಯಲ್ಲಿ ಆ ನೀರಿನಲ್ಲಿ ಯಾರೂ ಬದುಕಿರುವುದಿಲ್ಲವೆಂದು ಅಮ್ಮನಿಗೂ ಗೊತ್ತಿತ್ತು, ಹೆಸಲ್ ರಸ್ತೆಯ ಕೂಸಿಗೂ ಗೊತ್ತಿತ್ತು. ಆದರೂ ಅದು ಕೇಳಲೇಬೇಕಾದ ಪ್ರಶ್ನೆಯಾಗಿತ್ತು.

“ಅಪ್ಪನ ವಿಷಯದಲ್ಲಿ ಮಾಡೋಕೇನೂ ಇರ್ಲಿಲ್ಲ,” ಎಂದಳು ಥೆಲ್ಮಾ. “ಇಲ್ಲಿ ಇದೆ. ಇಲ್ಲಿ ಅಲೆ ನಾವು ಹೇಳ್ದಂಗೆ ಕೇಳುತ್ತೆ. ಕೈಲಾಗೋ ಕಡೆನೂ ಬಿಟ್ಟು ಬಂದ್ರೆ ನಾವು ಎಂಥ ಜನ?”

ಸಿಬಿಲ್ ಕಾಲು ಇಳಿಸಿದಳು.

ಕಾರ್ಫ್ಯಾಕ್ಸ್ ಥೆಲ್ಮಾಳ ಕಡೆಗೆ ಎರಡು ಹೆಜ್ಜೆ ಬಂದ. ಅವನು ಕೆಟ್ಟವನಾಗಿರಲಿಲ್ಲ, ಚಿಕ್ಕ ವಯಸ್ಸಿಗೇ ಚಪ್ಪಾಳೆಯ ರುಚಿ ಹತ್ತಿದವನು, ಅಷ್ಟೇ. ಕೇಳಿದ, ಅವಳೊಬ್ಬಳನ್ನೇ ಉದ್ದೇಶಿಸಿ: “ಹಾಗಾದ್ರೆ ಅವರು ಮನೆ ತಲುಪೋದೇ ಇಲ್ವಾ? ಜನ ಏಳು ವರ್ಷ ಕಾದಿರೋದು ಅದಕ್ಕೇ, ಮಿಸ್ ಬ್ಲಾಂಚರ್ಡ್.”

“ಜನ ಕಾದಿರೋದು ಮನೆ ನೋಡೋಕಲ್ಲ. ಎಲ್ಲಾರೂ ಮನೆಗೆ ಬರೋದು ನೋಡೋಕೆ.”

ಅವನು ಕೈಯಲ್ಲಿದ್ದ ಲೋಟವನ್ನು ನೋಡಿದ, ಗೋಡೆಯ ಗಡಿಯಾರವನ್ನು ನೋಡಿದ. ನಾಲ್ಕೂ ಮೂವತ್ತೈದು. ಐದೂವರೆಗೆ ದೃಶ್ಯವಿಲ್ಲದಿದ್ದರೆ ಅಂತ್ಯವೇ ಇಲ್ಲದ ಕಂತು ಅವನ ಹೆಸರಿನಲ್ಲಿ ಹೋಗಬೇಕಾಗಿತ್ತು. ಜೋರಮ್‌ಗಾಗಿ ನೌಕೆಯನ್ನು ಹಿಂದಿರುಗಿಸಲು ಎಷ್ಟು ಸಮಯ ಬೇಕಾಗುತ್ತದೆಂದು ಅವನು ಕೇಳಿದಾಗ ಥೆಲ್ಮಾಳ ಬಳಿ ಲೆಕ್ಕ ಸಿದ್ಧವಿತ್ತು. ಬಂದರಿನ ಮೆರವಣಿಗೆಯನ್ನೂ ಮೇಳವನ್ನೂ ತೆಗೆದರೆ ಮೂರು ನಿಮಿಷ ನಲವತ್ತು ಸೆಕೆಂಡು ಉಳಿಯುತ್ತದೆ. ಅಡುಗೆಮನೆಯಲ್ಲಿ ಮಾತಿಗೆ ಎರಡು ನಿಮಿಷ, ಚುಕ್ಕಾಣಿ ತಿರುಗಿಸಲು ಮೂವತ್ತು ಸೆಕೆಂಡು, ರೇಡಿಯೋಗೆ ಐವತ್ತು. ಇಪ್ಪತ್ತು ಸೆಕೆಂಡು ಸುಮ್ಮನಿರುವುದಕ್ಕೆ.

“ರೇಡಿಯೋಗೆ ಯಾರು?”

ಅವಳು ವಿದರ್ನ್‌ಸೀಯ ಸಂಖ್ಯೆಯನ್ನು ಮುಂದೆ ಹಿಡಿದಳು. ತಾನು ಕೇಳುವಂತಿಲ್ಲ, ಕಂಪನಿಯವರೇ ಕೇಳಬೇಕೆಂದು ಹೇಳಿದಳು.

ಸ್ಟುಡಿಯೋದ ಗೋಡೆಯ ಟೆಲಿಫೋನಿನಲ್ಲಿ ಕಾರ್ಫ್ಯಾಕ್ಸ್ ಒಂದು ಕೈಯಲ್ಲಿ ಲೋಟ ಹಿಡಿದುಕೊಂಡೇ ಮಾತನಾಡಿದ. ಮಧ್ಯಾಹ್ನ ಮೂರರಿಂದ ಐದೂವರೆಯವರೆಗೆ ಕಾನೂನಿನಂತೆ ಪಬ್‌ಗಳು ಮುಚ್ಚಿರುತ್ತಿದ್ದುದರಿಂದ ಆ ತುದಿಯಲ್ಲಿ ನಿಶ್ಶಬ್ದವಿತ್ತು. ಅವನು ತನ್ನ ಹೆಸರು ಹೇಳಿದ. ಕಂಪನಿಯ ಪರವಾಗಿ ಕೇಳುತ್ತಿದ್ದೇನೆಂದ. ಬಿಟ್ಟು ಹೋದದ್ದು ತಪ್ಪಾಯಿತೆಂದ, ಅದು ಅವನ ಕಾಲದ ತಪ್ಪಲ್ಲದಿದ್ದರೂ. ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡ. ಕಿವಿ ಕೆಂಪಾಗಿತ್ತು. ಬರೆದ ಮಾತನ್ನು ತಾನು ಓದುವುದಿಲ್ಲ, ತನಗೆ ತೋಚಿದ್ದನ್ನು ಹೇಳುತ್ತೇನೆ, ಅದು ಒಪ್ಪಿಗೆಯಾದರೆ ಸರಿ ಎಂದು ಪಾಸ್ಕ್ ಹೇಳಿದನೆಂದು ತಿರುಗಿ ತಿಳಿಸಿದ. ಧ್ವನಿ ವಿಭಾಗದವರು ಟೆಲಿಫೋನಿನ ತಂತಿಯನ್ನು ತಮ್ಮ ಯಂತ್ರಕ್ಕೆ ಜೋಡಿಸತೊಡಗಿದರು.

ಆಗ ಕಾರ್ಫ್ಯಾಕ್ಸ್ ವಿಲ್ಫ್ ಗಾಂಟ್‌ನ ಮುಂದೆ ಹೋಗಿ ನಿಂತು ತಪ್ಪೊಪ್ಪಿದ. ಥೆಲ್ಮಾ ಪೆನ್ಸಿಲು ತೆಗೆದು ಬರೆದಳು: ದೃಶ್ಯ ಮೂವತ್ತೊಂದು, ಲೋಟ ಎಂಟು. ವಿಲ್ಫ್ ಎದ್ದು, ಕೈಗವಸು ತೊಟ್ಟು, ಲೋಟವನ್ನು ಅವನ ಬೆರಳುಗಳಿಂದ ಬಿಡಿಸಿಕೊಂಡು, ಕರವಸ್ತ್ರದಿಂದ ಒರೆಸಿ ಕೊಕ್ಕೆಗೆ ಹಾಕಿದ. ಮೇಳದವರಿಗೆ ಮನೆಗೆ ಹೋಗಲು ಹೇಳಿದರು. ಅವರು ಹೋಗಲಿಲ್ಲ. ಬಂದ ಮೇಲೆ ಊದದೆ ಹೋಗುವ ಪದ್ಧತಿ ತಮ್ಮ ಊರಿನಲ್ಲಿ ಇಲ್ಲವೆಂದು ಹೇಳಿ ಕಂಪನಿಯ ಊಟದ ಮನೆಗೆ ಹೋಗಿ ಊದಿದರು. ಎರಡು ಗೋಡೆ ದಾಟಿ ಸದ್ದು ಬಾರದಂತೆ ನಾಲ್ಕು ಬಾಗಿಲುಗಳಿಗೆ ನಾಲ್ವರನ್ನು ಕಾವಲು ನಿಲ್ಲಿಸಬೇಕಾಯಿತು.

ಕಾರ್ಫ್ಯಾಕ್ಸ್ ಹೊಸ ಮಾತುಗಳನ್ನು ಅಲ್ಲಿಯೇ ಬರೆದುಕೊಟ್ಟ ಮೇಲೆ, ಐದೂ ಹತ್ತಕ್ಕೆ ದೃಶ್ಯ ಆರಂಭವಾಯಿತು. ಒಂದೇ ಸಲ, ಎರಡನೆಯ ಸಲಕ್ಕೆ ಸಮಯವಿರಲಿಲ್ಲ.

ಕಿಟಕಿಯಲ್ಲಿ ಭೂಮಿ ದೊಡ್ಡದಾಗಿ ಕಾಣುತ್ತಿದೆ. ನೌಕೆಯವರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದಾರೆ. ನಾಯಕಿ ಹೆಸ್ಟರ್ ಚಹಾ ಸುರಿಯಲು ಲೋಟಗಳನ್ನು ಒಂದೊಂದಾಗಿ ಇಳಿಸುತ್ತಾಳೆ. ಏಳು ಇಳಿಸಿ ನಿಲ್ಲುತ್ತಾಳೆ. ಬೆನ್ನು ತಿರುಗಿಸಿಕೊಂಡೇ ಕೇಳುತ್ತಾಳೆ: “ಎಷ್ಟು ಹೊತ್ತು ಹುಡುಕಿದ್ವಿ?”

ಚುಕ್ಕಾಣಿಯವನು ಹೇಳುತ್ತಾನೆ: “ಒಂದು ಗಂಟೆ.”

ಹೆಸ್ಟರ್ ಏಳು ಲೋಟಗಳನ್ನೂ ಮತ್ತೆ ಕೊಕ್ಕೆಗೆ ಹಾಕುತ್ತಾಳೆ. ಇಂಧನ ಎಷ್ಟಿದೆಯೆಂದು ಕೇಳುತ್ತಾಳೆ. ಹೋಗಲು ಸಾಕು, ಬರಲು ಸಾಕೋ ಇಲ್ಲವೋ ಎನ್ನುತ್ತಾರೆ. ಇಳಿಯಬೇಕೆನ್ನುವವರು ಇಳಿಯಬಹುದು ಎನ್ನುತ್ತಾಳೆ. ಒಬ್ಬರೂ ಅಲುಗುವುದಿಲ್ಲ. ಚುಕ್ಕಾಣಿ ತಿರುಗುತ್ತದೆ. ಕಿಟಕಿಯಿಂದ ಭೂಮಿ ಮೆಲ್ಲಗೆ ಜಾರಿ ಮರೆಯಾಗುತ್ತದೆ. ಖಾಲಿ ಬಿದ್ದಿದ್ದ ರೇಡಿಯೋದ ಕುರ್ಚಿಯಲ್ಲಿ ಹೆಸ್ಟರ್ ತಾನೇ ಕುಳಿತು ಕರೆಯುತ್ತಾಳೆ. ಗರಗರ ಸದ್ದು. ಮತ್ತೆ ಕರೆಯುತ್ತಾಳೆ.

ಆಗ ಅರುವತ್ತು ಮೈಲಿಯಾಚೆಯ ಮುಚ್ಚಿದ ಪಬ್ಬಿನಿಂದ, ಕೆಟ್ಟ ತಂತಿಯ ಮೂಲಕ, ಐವರ್ ಪಾಸ್ಕನ ಧ್ವನಿ ಬಂತು.

“ಇದ್ದೀನಿ. ಆರು ವರ್ಷದಿಂದ ಇಲ್ಲೇ ಇದ್ದೀನಿ. ಹೋಗಿದ್ದು ನೀವು.”

ಸಿಬಿಲ್ ಡ್ರೇಕಾಟಳಿಗೆ ಈ ಮಾತು ಬರುವುದೆಂದು ಗೊತ್ತಿರಲಿಲ್ಲ. ಅವಳ ಮುಖದಲ್ಲಿ ಆದದ್ದು ನಟನೆಯಲ್ಲವೆಂದು ಆಮೇಲೆ ಅವಳೇ ಒಪ್ಪಿಕೊಂಡಳು. “ಬರ್ತಿದ್ದೀವಿ,” ಎಂದಳು. ಥೆಲ್ಮಾ ಮೇಲಿನ ಕೊಠಡಿಯಲ್ಲಿ ಸೆಕೆಂಡುಗಳನ್ನು ಎಣಿಸುತ್ತಿದ್ದಳು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಕಾರ್ಫ್ಯಾಕ್ಸ್ ಪರದೆಯನ್ನೇ ನೋಡುತ್ತಿದ್ದು, ತಡವಾಗಿ ನಿಲ್ಲಿಸಿ ಎಂದ. ಒಟ್ಟು ನಲವತ್ತೊಂಬತ್ತು ನಿಮಿಷ ಹದಿನೈದು ಸೆಕೆಂಡು. ಐದು ಸೆಕೆಂಡು ಹೆಚ್ಚಾಯಿತು. ಅದು ತನ್ನ ತಪ್ಪೆಂದು ಅವಳು ಪುಸ್ತಕದಲ್ಲಿ ಬರೆದುಕೊಂಡಳು.

ಕಂಪನಿಯ ಹಿರಿಯರು ಶುಕ್ರವಾರ ಕಂತನ್ನು ನೋಡಿ ಕೆಂಡವಾದರು. ಅಷ್ಟು ಹೊತ್ತಿಗೆ ನೌಕೆ ಮರದ ಅಂಗಡಿಯಲ್ಲಿ ಹಲಗೆಯಾಗಿತ್ತು. ಬೇರೆ ಅಂತ್ಯ ಚಿತ್ರಿಸಲು ನೆಲವಿರಲಿಲ್ಲ. ಶನಿವಾರ ಸಂಜೆ ಅದೇ ಪ್ರಸಾರವಾಯಿತು.

ಥೆಲ್ಮಾ ಅದನ್ನು ಹೆಸಲ್ ರಸ್ತೆಯ ಮನೆಯಲ್ಲಿ ತಂಗಿಯೊಡನೆ ನೋಡಿದಳು. ಅಮ್ಮನ ಪ್ರಶ್ನೆ ಬಂದಾಗ ವಿನಿಫ್ರೆಡ್ ಕೈಯಲ್ಲಿದ್ದ ತಟ್ಟೆಯನ್ನು ನೆಲದ ಮೇಲಿಟ್ಟಳು. ಮುಗಿದ ಮೇಲೆ, ಅಷ್ಟು ದೊಡ್ಡ ಹಡಗಿನ ಚುಕ್ಕಾಣಿಯನ್ನು ಅಷ್ಟು ಬೇಗ ತಿರುಗಿಸಿದರೆ ಹಡಗು ಮಗುಚುತ್ತದೆಂದು ಹೇಳಿ, ಒಳಗೆ ಹೋಗಿ, ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಳು.

ಬಾಗಿಲು ತಟ್ಟಿದ ಸದ್ದಾಯಿತು. ಎದುರು ಮನೆಯ ಮಿಸೆಸ್ ಪಿಕರಿಂಗ್, ಅಡುಗೆಯ ಏಪ್ರನ್ನಿನಲ್ಲೇ ಬಂದಿದ್ದಳು. ಅವಳ ಮಗ ಹೋಗಿ ನಾಲ್ಕು ವರ್ಷವಾಗಿತ್ತು; ಅವನೊಡನೆ ಹಡಗೂ ಹೋಗಿತ್ತು, ಹುಡುಕುವ ಕೆಲಸವನ್ನು ಮೂರನೆಯ ದಿನ ನಿಲ್ಲಿಸಿದ್ದರು.

“ತಿರುಗಿಸಿದ್ರಲ್ಲ, ಥೆಲ್ಮಾ.”

“ತಿರುಗಿಸಿದ್ರು.”

“ಹಂಗೇ ತಿರುಗಿಸ್ಬೇಕು.”

“ಹೌದು.”

ಅವಳು ಒಳಗೆ ಬರಲಿಲ್ಲ, ಥೆಲ್ಮಾ ಕರೆಯಲೂ ಇಲ್ಲ. ಅವಳ ಹಿಂದೆ ರಸ್ತೆಯುದ್ದಕ್ಕೂ ಬಾಗಿಲುಗಳು ತೆರೆದಿದ್ದವು. ಹೆಂಗಸರು ಹೊಸ್ತಿಲಲ್ಲಿ ಕೈಕಟ್ಟಿ ನಿಂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

ಸೋಮವಾರ ಕಂಪನಿಯವರು ಥೆಲ್ಮಾಳ ಮುಂದೆ ಒಂದು ಕಾಗದವಿಟ್ಟರು. ಅಧಿಕಾರ ಮೀರಿ ನಡೆದದ್ದಕ್ಕೆ ವಿಷಾದಿಸುತ್ತೇನೆ ಎಂದು ಅದರಲ್ಲಿತ್ತು. ಅವಳು ಓದಿ, ಎರಡನೆಯ ಸಾಲಿನಲ್ಲಿದ್ದ ಬೆರಳಚ್ಚಿನ ತಪ್ಪನ್ನು ತಿದ್ದಿ, ಸಹಿ ಮಾಡದೆ ಹಿಂದಿರುಗಿಸಿದಳು. ಕೆಲಸದಿಂದ ತೆಗೆಯುವ ಮಾತು ಬಂದಾಗ ವಿಲ್ಫ್ ಗಾಂಟ್ ಮತ್ತೆ ಕುಳಿತುಕೊಳ್ಳುವ ಸೂಚನೆ ಕೊಟ್ಟ. ಅವಳನ್ನು ಹವಾಮಾನ ವರದಿಯ ಕಾಲ ಅಳೆಯಲು ಹಾಕಿದರು. ದಿನಕ್ಕೆ ಎರಡು ನಿಮಿಷದ ಕೆಲಸ, ಅವಮಾನವೆಂದೇ ಕೊಟ್ಟದ್ದು. ಒಂಬತ್ತು ವರ್ಷ ಅದನ್ನೇ ಮಾಡಿದಳು. ಮೀನುಹಡಗುಗಳಿಗೆ ಬಿರುಗಾಳಿಯ ಎಚ್ಚರಿಕೆಯನ್ನು ಸಮಯವಿಲ್ಲವೆಂದು ಕತ್ತರಿಸುವ ಹಳೆಯ ರೂಢಿ ಅವಳು ಬಂದ ದಿನದಿಂದ ನಿಂತಿತು. ಬೇರೆ ಏನನ್ನು ಕತ್ತರಿಸಬಹುದೆಂದು ಅವಳಿಗೆ ಸದಾ ತಿಳಿದಿರುತ್ತಿತ್ತು.

ಅರುವತ್ತಕ್ಕೆ ನಿವೃತ್ತಳಾಗಿ ಹೆಸಲ್ ರಸ್ತೆಗೆ ಮರಳಿದಳು. ಸಂಜೆಶಾಲೆಯಲ್ಲಿ ಹೆಂಗಸರಿಗೆ ಬೆರಳಚ್ಚು ಕಲಿಸಿದಳು, ಅಪಶಬ್ದಕ್ಕೂ ಆಲಸ್ಯಕ್ಕೂ ಒಂದೇ ಬೈಗುಳ. ಎರಡು ಸಾವಿರದ ಎಂಟರ ಮಾರ್ಚಿನಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ, ಕುರ್ಚಿಯಲ್ಲಿ ಕುಳಿತಲ್ಲಿಯೇ ತೀರಿಕೊಂಡಳು.

ಅವಳು ಬಿಟ್ಟುಹೋದದ್ದು: ಸ್ಟಾಪ್‌ವಾಚ್ ಎರಡು, ಒಂದು ನಡೆಯುತ್ತದೆ. ಹೊಂದಿಕೆಯ ಪುಸ್ತಕಗಳು ನಲವತ್ತೊಂದು, ಓದಬಲ್ಲವರಿಲ್ಲ. ಸಂಜೆಶಾಲೆಯ ಪ್ರಮಾಣಪತ್ರ, ಚೌಕಟ್ಟು ಹಾಕಿಸಿದ್ದು. ಡೆನ್ಜಿಲ್ ಕಾರ್ಫ್ಯಾಕ್ಸ್ ಪ್ರತಿ ಕ್ರಿಸ್‌ಮಸ್ಸಿಗೆ ಕಳುಹಿಸಿದ ಕಾರ್ಡುಗಳು ಮೂವತ್ತು, ಎಲ್ಲದರ ಮೇಲೂ ‘ಮಿಸ್ ಬ್ಲಾಂಚರ್ಡ್’. ಒಳ್ಳೆಯ ಉಣ್ಣೆಯ ಕೋಟು ಒಂದು, ನೀಲಿ. ತೋಳು ಮುಗಿಯದ ಸ್ವೆಟರು. ಹಿತ್ತಲಿನಲ್ಲಿ ಕೆಂಪು ದಂಟಿನ ರೂಬಾರ್ಬ್ ಗಿಡ ಮೂರು ಬುಡ. ಪಕ್ಕದ ಮನೆಯವರೊಡನೆ ಬೇಲಿಯ ಬಗ್ಗೆ ಒಂದು ವ್ಯಾಜ್ಯ, ಇನ್ನೂ ತೀರ್ಮಾನವಾಗಬೇಕಾದದ್ದು. ತಂಗಿ ವಿನಿಫ್ರೆಡ್, ಎಪ್ಪತ್ತೇಳು ವರ್ಷ, ಆ ವ್ಯಾಜ್ಯವನ್ನು ಮುಂದುವರಿಸುತ್ತಿದ್ದಾಳೆ.